ಆವರಣದೊಳಗಿನ ಒಂದು ಸಾಲು

ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ, ಅದೂ ಆವರಣ ಚಿಹ್ನೆಯೊಳಗೆ, ಒಂದು ಮಾತಿದೆ: ಬ್ಯಾಕ್ಟೀರಿಯಾದಲ್ಲಿ 23ಎಸ್ ಆರ್‌ಎನ್‌ಎಯೇ ಕಿಣ್ವ. ಅಂದರೆ, ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಎಂಬ ಕಣದಲ್ಲಿ, ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು ಬೆಸೆಯುವುದು ಬೇರೊಂದು ಪ್ರೋಟೀನ್ ಅಲ್ಲ, ಆ ಕಣದೊಳಗಿನ ಈ ಆರ್‌ಎನ್‌ಎ. ದಾವಣಗೆರೆಯಲ್ಲಿ ನೀಟ್‌ಗೆ ಓದುವ ಮಕ್ಕಳು ಅದಕ್ಕೆ ಅಡಿಗೆರೆ ಎಳೆದು ಬಾಯಿಪಾಠ ಮಾಡುತ್ತಾರೆ. ಕಲಿಸುವ ನಮಗೂ ಅದಕ್ಕೆ ಸಿಗುವುದು ಎರಡೇ ನಿಮಿಷ. ಯಾರ ಶೋಧ ಎಂದರೆ ತರಗತಿಯಲ್ಲಿ ಒಂದೇ ಉತ್ತರ: ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್. ಆ ಹೆಸರಿನ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಈ ಸಾಲು ಅವರದಲ್ಲ.

1950ರ ದಶಕದಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರೈಬೋಸೋಮ್ ಕಣಗಳನ್ನು ಕಂಡರು. ಪ್ರೋಟೀನ್ ತಯಾರಾಗುವುದು ಅಲ್ಲಿಯೇ ಎಂದು ಮುಂದೆ ಖಚಿತವಾಯಿತು. ಅದರ ಒಳರಚನೆ ಮಾತ್ರ ದಶಕಗಟ್ಟಲೆ ಕೈಗೆ ಸಿಗಲಿಲ್ಲ.

ಅಣುವಿನ ರಚನೆ ತಿಳಿಯಲು ಮೊದಲು ಅದನ್ನು ಹರಳುಗಟ್ಟಿಸಿ, ಆಮೇಲೆ ಎಕ್ಸ್‌ರೇ ಹಾಯಿಸಬೇಕು. ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಕಟ್ಟುತ್ತದೆ, ಏಕೆಂದರೆ ಸಕ್ಕರೆಯ ಅಣುಗಳು ಚಿಕ್ಕವು, ಒಂದೇ ಬಗೆಯವು. ಬ್ಯಾಕ್ಟೀರಿಯಾದ ರೈಬೋಸೋಮೋ ಮೂರು ಆರ್‌ಎನ್‌ಎ, ಐವತ್ತಕ್ಕೂ ಹೆಚ್ಚು ಪ್ರೋಟೀನ್ ಸೇರಿದ, ಬಳುಕುವ ಗಂಟು. ಆಗದ ಕೆಲಸ ಎಂದವರೇ ಹೆಚ್ಚು. ಇಸ್ರೇಲಿನ ಅದಾ ಯೋನಾಥ್ ಸೈಕಲ್ ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದಾಗ, ಚಳಿಗಾಲದ ನಿದ್ರೆಗೆ ಜಾರುವ ಹಿಮಕರಡಿಯ ಜೀವಕೋಶಗಳಲ್ಲಿ ರೈಬೋಸೋಮ್‌ಗಳು ಒಪ್ಪವಾಗಿ ಸಾಲುಗಟ್ಟುತ್ತವೆ ಎಂದು ಓದಿದ್ದರು. ಪ್ರಕೃತಿ ಜೋಡಿಸಿಡುವುದಾದರೆ ನಾನೇಕೆ ಜೋಡಿಸಬಾರದು ಎಂದು ಹೊರಟರು. ಬಿಸಿನೀರಿನಲ್ಲಿ ಬದುಕುವ, ಮುಂದೆ ಮೃತ ಸಮುದ್ರದ ಉಪ್ಪಿನಲ್ಲಿ ಬದುಕುವ ಗಟ್ಟಿ ಸೂಕ್ಷ್ಮಜೀವಿಗಳನ್ನು ಆರಿಸಿಕೊಂಡರು. 1980ರಲ್ಲಿ ಮೊದಲ ಹರಳು ಮೂಡಿತು. ಆದರೆ ಎಕ್ಸ್‌ರೇ ತಾಗಿದ ಕೂಡಲೇ ಹರಳು ಹಾಳಾಗುತ್ತಿತ್ತು. ಅದನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಉಳಿಸುವ ವಿಧಾನ ಕಂಡುಕೊಳ್ಳಲು ಮತ್ತೆ ವರ್ಷಗಳು ಹಿಡಿದವು. ಸ್ಪಷ್ಟ ಚಿತ್ರಕ್ಕೆ ಒಟ್ಟು ಇಪ್ಪತ್ತು ವರ್ಷ. ಪಾಠದಲ್ಲಿ ಇದಕ್ಕೆ ಜಾಗವಿಲ್ಲದಿರುವುದು ನನಗೆ ನಷ್ಟವೆಂದೇ ಕಾಣುತ್ತದೆ.

2000ದಲ್ಲಿ ಎಲ್ಲವೂ ಒಟ್ಟಿಗೇ ಬಂತು. ಥಾಮಸ್ ಸ್ಟೈಟ್ಜ್ ಮತ್ತು ಪೀಟರ್ ಮೂರ್ ರೈಬೋಸೋಮ್‌ನ ಎರಡು ಭಾಗಗಳಲ್ಲಿ ದೊಡ್ಡದರ, ಅಂದರೆ ದೊಡ್ಡ ಉಪಘಟಕದ, ರಚನೆಯನ್ನು ಬಿಡಿಸಿಟ್ಟರು. ಅಮೈನೋ ಆಮ್ಲಗಳು ಬೆಸೆಯುವ ಜಾಗದ ಹತ್ತಿರ ಪ್ರೋಟೀನೇ ಇರಲಿಲ್ಲ, ಬರೀ ಆರ್‌ಎನ್‌ಎ. ಹ್ಯಾರಿ ನೋಲರ್ 1992ರಲ್ಲೇ ಪ್ರಯೋಗದಿಂದ ಸೂಚಿಸಿದ್ದ ಸಂಗತಿ ಅದು. ನಮ್ಮ ಪುಸ್ತಕದ ಸಾಲು ಹುಟ್ಟಿದ್ದು ಇಲ್ಲಿ. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ, ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರ ಕಲಿತ ವೆಂಕಿ ಅವರದು ಸಣ್ಣ ಉಪಘಟಕ: ಜೀನಿನ ಸಂಕೇತ ಓದುವ, ಅದಕ್ಕೆ ಹೊಂದದ ಜೋಡಿಯನ್ನು ಹೊರಗಿಡುವ ಭಾಗ. ಸ್ಟ್ರೆಪ್ಟೊಮೈಸಿನ್ ಅಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನೂ ಅವರ ತಂಡ ಅದೇ ವರ್ಷ ತೋರಿಸಿತು. 1943ರಲ್ಲಿ ಸಿಕ್ಕ, ಕ್ಷಯಕ್ಕೆ ಕೊಡುತ್ತ ಬಂದ ಔಷಧ ಅದು.

ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೂಡ ಕೂರುವುದು ರೈಬೋಸೋಮ್‌ನಲ್ಲಿಯೇ. ಹೊಸ ಪ್ರೋಟೀನ್ ಹೊರಬರುವ ಸುರಂಗಕ್ಕೆ ಅಡ್ಡಲಾಗಿ. ಬ್ಯಾಕ್ಟೀರಿಯಾ ಆ ಜಾಗದ ಆರ್‌ಎನ್‌ಎಯ ಒಂದೇ ಒಂದು ಅಕ್ಷರವನ್ನು ಮಾರ್ಪಡಿಸಿಕೊಂಡರೆ ಮಾತ್ರೆಗೆ ಹಿಡಿತ ಸಿಗುವುದಿಲ್ಲ. ಕೆಂಪು ಗೆರೆಯ ಪಟ್ಟಿಯಿಂದ ಎರಡೇ ಮಾತ್ರೆ ಕತ್ತರಿಸಿ ಕೊಂಡೊಯ್ಯುವುದನ್ನು ಕಂಡಾಗ ನನಗೆ ಆ ಅಕ್ಷರದ್ದೇ ಚಿಂತೆ.

2009ರ ರಸಾಯನಶಾಸ್ತ್ರ ನೊಬೆಲ್ ವೆಂಕಿ, ಸ್ಟೈಟ್ಜ್, ಯೋನಾಥ್ ಮೂವರಿಗೆ ಬಂತು. ಮೂವರನ್ನು ಮೀರುವಂತಿಲ್ಲ ಎಂಬುದು ನಿಯಮ. ಮೂರ್, ನೋಲರ್ ಹೊರಗುಳಿದರು.

ಈ ವರ್ಷ ಆ ಪಾಠಕ್ಕೆ ಒಂದು ತರಗತಿ ಹೆಚ್ಚು ತೆಗೆದುಕೊಂಡೆ. ಸಕ್ಕರೆ ಪಾಕದ ಬಾಟಲಿಯಲ್ಲಿ ದಾರ ಇಳಿಬಿಟ್ಟು ಲ್ಯಾಬಿನ ಕಿಟಕಿಯಲ್ಲಿಟ್ಟಿದ್ದೇವೆ. ಹನ್ನೊಂದನೆಯ ದಿನ ದಾರದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹರಳು ಕಂಡಿದೆ.