ಪದ ಪರಿಚಯ: ಮೀಡಿಯಾ ಕಲ್ಚರ್ ನೆಟ್‌ವರ್ಕ್

ಹೆಸರು ಕೇಳಿದರೆ ಟಿವಿ ಚಾನೆಲ್‌ಗಳ ಕೂಟ ಇರಬೇಕು ಅನ್ನಿಸುತ್ತದೆ. ಅದಲ್ಲ. ಸರ್ಕಾರದ್ದೂ ಅಲ್ಲದ, ದೊಡ್ಡ ಕಂಪನಿಯದ್ದೂ ಅಲ್ಲದ ಪುಟ್ಟ ತಂಡಗಳಿರುತ್ತವೆ. ಡಿಜಿಟಲ್ ಕಲಾವಿದರು, ಪ್ರೋಗ್ರಾಮರ್‌ಗಳು, ರೇಡಿಯೊ ಮಂದಿ, ವಿಡಿಯೊ ಮಾಡುವವರು. ಇವರು ದೇಶದ ಗಡಿ ದಾಟಿ ಒಬ್ಬರ ಕೆಲಸಕ್ಕೆ ಒಬ್ಬರು ಕೈಜೋಡಿಸಿದರೆ ಅದು ಈ ನೆಟ್‌ವರ್ಕ್. ನಮ್ಮ ಹಳ್ಳಿಗಳ ಮುಯ್ಯಾಳು ಗೊತ್ತಲ್ವಾ? ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹೆಚ್ಚುಕಮ್ಮಿ ಹಾಗೇ.

1990ರ ದಶಕದ ಯುರೋಪಿನಲ್ಲಿ ಇದು ಜೋರಾಯಿತು. ಬರ್ಲಿನ್ ಗೋಡೆ ಬಿದ್ದಿತ್ತು, ಇಂಟರ್‌ನೆಟ್ ಮನೆಗಳಿಗೆ ಬರತೊಡಗಿತ್ತು. ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾ, ಬುಡಾಪೆಸ್ಟ್‌ಗಳಲ್ಲಿ ಮೀಡಿಯಾ ಲ್ಯಾಬ್‌ಗಳು, ಅಂದರೆ ಕಲಾವಿದರೂ ತಂತ್ರಜ್ಞರೂ ಒಟ್ಟಿಗೆ ಪ್ರಯೋಗ ಮಾಡುವ ಜಾಗಗಳು, ತೆರೆದುಕೊಂಡವು. ಸಭೆ, ಹಬ್ಬಗಳೇನೋ ನಡೆದವು. ಆದರೆ ಮುಯ್ಯಿಯ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ.

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಬಿ92 ರೇಡಿಯೊವನ್ನೇ ನೋಡಿ. 1996ರ ಕೊನೆಯಲ್ಲಿ ಸರ್ಬಿಯಾದ ಸ್ಥಳೀಯ ಚುನಾವಣೆಗಳಲ್ಲಿ ಹಲವು ಕಡೆ ವಿರೋಧ ಪಕ್ಷಗಳು ಗೆದ್ದವು. ಆಗಿನ ಅಧ್ಯಕ್ಷ ಮಿಲೋಶೆವಿಚ್ ಆಡಳಿತ ಆ ಫಲಿತಾಂಶವನ್ನೇ ಒಪ್ಪಲಿಲ್ಲ. ಜನ ಬೀದಿಗಿಳಿದರು, ಬಿ92 ಅದನ್ನೆಲ್ಲ ಹೇಳುತ್ತಾ ಹೋಯಿತು. ಡಿಸೆಂಬರ್ 3ರಂದು ಟ್ರಾನ್ಸ್‌ಮಿಟರ್ ಬಂದ್! ಸ್ಟುಡಿಯೊದವರು ಮಾತ್ರ ಮೈಕ್ ಬಿಟ್ಟು ಏಳಲಿಲ್ಲ. ಅವರ ದನಿ ಇಂಟರ್‌ನೆಟ್ ಹಿಡಿದು ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ಅಲ್ಲಿ ಹ್ಯಾಕರ್‌ಗಳು ಕಟ್ಟಿದ್ದ ಎಕ್ಸ್‌ಎಸ್‌ಫೋರ್‌ಆಲ್ ಎಂಬ ಇಂಟರ್‌ನೆಟ್ ಸಂಸ್ಥೆ ತನ್ನ ಸರ್ವರ್‌ನಿಂದ ಅದನ್ನು ರಿಯಲ್‌ಆಡಿಯೊ ಎಂಬ, ಇಂಟರ್‌ನೆಟ್‌ನಲ್ಲಿ ದನಿ ಕೇಳಿಸುವ ತಂತ್ರದಲ್ಲಿ ಲೋಕಕ್ಕೆಲ್ಲ ಕೇಳಿಸಿತು. ಎರಡೇ ದಿನದಲ್ಲಿ ಬಿ92 ಮತ್ತೆ ಗಾಳಿಯಲ್ಲಿತ್ತು. ಸರ್ವರ್ ಒಂದರಿಂದಲೇ ಆಯಿತು ಅಂತಲ್ಲ, ಹೊರದೇಶಗಳ ಒತ್ತಡವೂ ಇತ್ತು. ಆದರೆ ಬಾಯಿ ಮುಚ್ಚಿಸಲು ಹೋದವರಿಂದಲೇ ಕೇಳುಗರು ಜಾಸ್ತಿಯಾದರು.

ಇಂಥ ಒಡನಾಟದಲ್ಲಿ ಒಂದು ಮುಳ್ಳೂ ಇದೆ. ಮುಯ್ಯಾಳಿನಲ್ಲಿ ಆಳಿಗೆ ಆಳು ಸಮ. ಇಲ್ಲಿ ಹಾಗಲ್ಲ. ಅನುದಾನ ಹೆಚ್ಚಾಗಿ ಶ್ರೀಮಂತ ದೇಶಗಳ ಕಡೆಯಿಂದ ಬರುತ್ತದೆ. ದುಡ್ಡು ಕೊಟ್ಟವರ ಮಾತಿಗೆ ತೂಕ ಬಂದರೆ ಸಹಕಾರ ಹೋಗಿ ಸುಮ್ನೆ ಗುತ್ತಿಗೆ ಕೆಲಸ ಆಗಿಬಿಡುತ್ತದೆ.

ನನಗೆ ಇಷ್ಟವಾದ ಉದಾಹರಣೆಯಲ್ಲಿ ಬೆಂಗಳೂರಿನ ಪಾಲೂ ಇದೆ. 2008ರಲ್ಲಿ ಶುರುವಾದ ಪ್ಯಾಡ್‌.ಮಾ ಎಂಬ ವಿಡಿಯೊ ಸಂಗ್ರಹ ಅದು. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಮುಂಬೈಯ ಮೂರು ತಂಡಗಳು, ಬರ್ಲಿನ್ನಿನ ಒಂದು ತಂಡ ಸೇರಿ ಕಟ್ಟಿದ್ದು. ಅಂದರೆ ವಕೀಲರು, ಕ್ಯಾಮೆರಾದವರು, ಸಾಫ್ಟ್‌ವೇರ್ ಬರೆಯುವವರು ಎಲ್ಲ ಒಂದೇ ಕಣದಲ್ಲಿ. ಅಲ್ಲಿರುವುದು ಹೆಚ್ಚಾಗಿ ಮುಗಿದ ಸಿನಿಮಾ ಅಲ್ಲ, ಎಡಿಟಿಂಗ್‌ನಲ್ಲಿ ಉಳಿದುಹೋಗುವ ಫುಟೇಜ್. ಯಾವ ಕ್ಷಣದಲ್ಲಿ ಯಾರು ಏನಂದರು, ಹಿಂದೆ ಏನು ಕಾಣುತ್ತಿದೆ ಎಂದು ಆ ಜಾಗಕ್ಕೇ ಅಂಟಿಸಿ ಬರೆದಿರುತ್ತಾರೆ. ಒಂದು ಪದ ಹುಡುಕಿದರೆ ಗಂಟೆಗಟ್ಟಲೆ ವಿಡಿಯೊದ ನಡುವೆ ಸರಿಯಾಗಿ ಆ ಮಾತಿನ ಹತ್ತಿರವೇ ಹೋಗಿ ನಿಲ್ಲಬಹುದು.