ಕುಸಿದವರಿಗೆಲ್ಲ ಒಂದೇ ಬಾಟಲಿಯೇ?

ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಯಾರಾದರೂ ಬೆವತು ಕುಸಿದರೆ ಕೇಳಿಬರುವ ಮಾತು ಒಂದೇ: “ಬಿಪಿ ಇಳಿದಿದೆ, ಒಂದು ಬಾಟಲಿ ಹಾಕಿಸಿ.” ಫೋರ್ಟಿನ ಕ್ಯಾಂಟೀನೊಂದರಲ್ಲಿ ಮೂವತ್ತು ವರ್ಷ ದುಡಿದ ನನ್ನ ದೊಡ್ಡಪ್ಪನಿಗೂ ಹಾಗೆಯೇ ಹಾಕಿಸಿದೆವು. ಹತ್ತಿರದ ದವಾಖಾನೆಯಲ್ಲಿ ಎರಡು ಬಾಟಲಿ ಸಲೈನ್ ಇಳಿಯಿತು. ಅವರಿಗೆ ಆಗಿದ್ದುದು ಹೃದಯಾಘಾತ. ಸೋತ ಹೃದಯ ಆ ನೀರನ್ನು ತಳ್ಳಲಾರದೆ ಶ್ವಾಸಕೋಶ ತುಂಬಿಕೊಂಡಿತು. ಅವರು ಉಳಿಯಲಿಲ್ಲ.

ಬಾಟಲಿಯ ಮೇಲಿನ ಈ ನಂಬಿಕೆ ಬುಡವಿಲ್ಲದ್ದೇನಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ ಕಾಲರಾದಿಂದ ನಾಡಿಯೇ ಸಿಗದಂತಾಗಿದ್ದ ವೃದ್ಧೆಯ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಮುಖಕ್ಕೆ ಕಳೆ ಬಂತು, ನಾಡಿ ಮರಳಿತು. ಭೇದಿ ನಿಲ್ಲದ್ದರಿಂದ ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು, ಆದರೆ ದಾರಿ ತೆರೆದಿತ್ತು. ನೂರು ವರ್ಷದ ನಂತರ ಅಮೆರಿಕದ ಆಲ್ಫ್ರೆಡ್ ಬ್ಲಾಲಾಕ್, ಗಾಯಾಳುಗಳ ರಕ್ತದೊತ್ತಡ ಕುಸಿಯುವುದು ರಕ್ತ ಮತ್ತು ದ್ರವ ಸೋರಿಹೋಗುವುದರಿಂದ ಎಂದು ಪ್ರಯೋಗಗಳಿಂದ ತೋರಿಸಿದರು. ಸೋರಿದ್ದನ್ನು ತುಂಬಿಕೊಡುವುದೇ ಚಿಕಿತ್ಸೆ ಎಂಬುದು ಗಟ್ಟಿಯಾಯಿತು.

ಹೀಗೆ ಕುಸಿಯುವುದನ್ನು ವೈದ್ಯರು ಶಾಕ್ ಎನ್ನುತ್ತಾರೆ. ಅದು ಮನಸ್ಸಿಗಾದ ಆಘಾತವಲ್ಲ. ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರಾದ ವೈಲ್ ಮತ್ತು ಶೂಬಿನ್ ಅದನ್ನು ನಾಲ್ಕಾಗಿ ವಿಂಗಡಿಸಿದರು: ದ್ರವ ಕಡಿಮೆಯಾದದ್ದು, ಹೃದಯವೇ ಸೋತದ್ದು, ಸೋಂಕು ಅಥವಾ ಅಲರ್ಜಿಯಿಂದ ರಕ್ತನಾಳಗಳು ಸಡಿಲಗೊಂಡದ್ದು, ಶ್ವಾಸಕೋಶದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದಂಥ ತಡೆಯಿಂದ ಹರಿವು ನಿಂತದ್ದು. ಹೊರಗಿನಿಂದ ನಾಲ್ಕೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು.

ಊರಿಗೆ ಹೋಗುವ ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಮಹಾಡ್ ಸಿಗುತ್ತದೆ. ಕೆಂಪು ಚೇಳು ಕಚ್ಚಿದವರು ಬೆವತು, ಕೈಕಾಲು ತಣ್ಣಗಾಗಿ, ನೊರೆ ಕೆಮ್ಮುತ್ತ ಸಾಯುವುದನ್ನು ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಲ್ಲಿ ಹಾಸಿಗೆಯ ಪಕ್ಕದಲ್ಲೇ ಕುಳಿತು ಗಮನಿಸಿದರು. ವಿಷದಿಂದ ರಕ್ತನಾಳಗಳು ಬಿಗಿದು ಹೃದಯ ದಣಿಯುತ್ತಿತ್ತು. 1980ರ ದಶಕದಲ್ಲಿ ಅವರು ಕೊಟ್ಟದ್ದು ಪ್ರಾಜೋಸಿನ್, ರಕ್ತದೊತ್ತಡ ಇಳಿಸುವ ಮಾತ್ರೆ! ತೀವ್ರ ಪ್ರಕರಣಗಳಲ್ಲಿ ಶೇಕಡಾ 30ರಷ್ಟಿದ್ದ ಸಾವು ಶೇಕಡಾ 1ರ ಆಸುಪಾಸಿಗೆ ಇಳಿಯಿತು. ಕಾರಣ ಹುಡುಕುವುದೆಂದರೆ ಇದು.

2011ರಲ್ಲಿ ಬಾಟಲಿಯ ಮೇಲಿನ ನಂಬಿಕೆಗೆ ಇನ್ನೊಂದು ಪೆಟ್ಟು ಬಿತ್ತು. ಕೆನ್ಯಾ, ಉಗಾಂಡಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ ಮಕ್ಕಳ ಅಧ್ಯಯನದಲ್ಲಿ, ರಭಸದಿಂದ ದ್ರವ ಪಡೆದವರಲ್ಲಿಯೇ ಸಾವು ಹೆಚ್ಚಾಗಿತ್ತು: ಶೇಕಡಾ 10.5, ಪಡೆಯದವರಲ್ಲಿ 7.3.

ಹಾಗೆಂದು ಬಾಟಲಿಯೇ ಬೇಡವೆಂದಲ್ಲ. ಸೋಂಕಿನ ಶಾಕ್‌ಗೆ ಮೊದಲ ಮೂರು ಗಂಟೆಗಳಲ್ಲಿ ದೇಹತೂಕದ ಕಿಲೋಗೆ ಸುಮಾರು 30 ಮಿಲಿಲೀಟರ್ ದ್ರವ, ಬೇಗನೆ ಆ್ಯಂಟಿಬಯಾಟಿಕ್, ಸಾಲದಿದ್ದರೆ ರಕ್ತನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಕೊಡುತ್ತಾರೆ. ಅಲರ್ಜಿಯ ಶಾಕ್‌ಗೆ ತೊಡೆಯ ಸ್ನಾಯುವಿಗೆ ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದು. ಹೃದಯಾಘಾತಕ್ಕೆ ಮುಚ್ಚಿದ ರಕ್ತನಾಳ ತೆರೆಯಬೇಕು. ಆದ್ದರಿಂದಲೇ ತುರ್ತು ವಿಭಾಗದಲ್ಲಿ ಇಸಿಜಿ ತೆಗೆಯುತ್ತಾರೆ, ಹೃದಯದ ಅಲ್ಟ್ರಾಸೌಂಡ್ ನೋಡುತ್ತಾರೆ, ಬೆರಳ ತುದಿ ಒತ್ತಿ ಬಿಟ್ಟು ಕೆಂಪು ಮರಳುವ ಸೆಕೆಂಡುಗಳನ್ನು ಎಣಿಸುತ್ತಾರೆ.

108ಕ್ಕೆ ಕರೆ ಮಾಡಿದ ಮೇಲೆ ಮನೆಯವರು ಕೊಡಬಹುದಾದದ್ದು ಮಾಹಿತಿ: ಎದೆನೋವಿತ್ತೇ, ಮಲ ಕಪ್ಪಾಗಿತ್ತೇ, ಹೊಸ ಔಷಧಿ ತೆಗೆದುಕೊಂಡರೇ, ಜ್ವರಕ್ಕೆ ಮುಂಚೆ ಮಳೆನೀರಿನಲ್ಲಿ ನಡೆದಿದ್ದರೇ? ಆ ಬೆಳಿಗ್ಗೆ ಲೋಕಲ್ ಹತ್ತುವ ಮುನ್ನ ಎಡಗೈ ಸೆಳೆಯುತ್ತಿದೆ ಎಂದು ದೊಡ್ಡಪ್ಪ ದೊಡ್ಡಮ್ಮನಿಗೆ ಹೇಳಿದ್ದರು. ದವಾಖಾನೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.