ಬೆಂಕಿ ನಂದಿಸುವ ರಾಸಾಯನಿಕಗಳು: ಪುಡಿ, ಹ್ಯಾಲಾನ್, ನೊರೆ

ಈ ಪಾಠ ಓದುವಾಗ ಸುಮ್ನೆ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಬೆಂಕಿ ಉರಿಯಲು ನಾಲ್ಕು ಬೇಕು: ಉರಿಯುವ ವಸ್ತು, ಶಾಖ, ಆಮ್ಲಜನಕ, ಮತ್ತೆ ಬಿಡದೆ ಸಾಗುವ ಸರಪಳಿ ಕ್ರಿಯೆ. ಪ್ರತಿ ರಾಸಾಯನಿಕದ ಮುಂದೆ 'ಇದು ಯಾವುದನ್ನು ತಡೆಯುತ್ತದೆ?' ಎಂದು ಬರೆದುಕೊಳ್ಳಿ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ನೀರು ಶಾಖವನ್ನು ಹೀರುತ್ತದೆ. ಕುದಿಯುವ ನೀರು ಒಂದು ಕಿಲೋ ಆವಿಯಾಗಲು ಸುಮಾರು 2,260 ಕಿಲೋಜೌಲ್ ಶಾಖ ಬೇಕು. ಕಾರ್ಬನ್ ಡೈಆಕ್ಸೈಡ್ ಆಮ್ಲಜನಕವನ್ನು ದೂರ ತಳ್ಳುತ್ತದೆ. ಇವೆರಡೂ ಸುಲಭ.

ತಪ್ಪು ಜಾಸ್ತಿ ಆಗುವುದು ಒಣ ಪುಡಿಯಲ್ಲಿ. ಸೋಡಿಯಂ ಬೈಕಾರ್ಬೊನೇಟ್ ಹೇಗೆ ಕೆಲಸ ಮಾಡುತ್ತದೆ ಎಂದರೆ 'ಕಾದಾಗ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ' ಎಂದು ಬರೆಯುತ್ತೇವೆ, ಅಲ್ವಾ? ಬಿಡುವುದು ನಿಜ. ಆದರೆ ಮುಖ್ಯ ಕಾರಣ ಅದಲ್ಲ. ಒಂದು ಲೆಕ್ಕ ನೋಡಿ. ಸೋಡಿಯಂ ಬೈಕಾರ್ಬೊನೇಟ್ ಒಂದು ಮೋಲ್ 84 ಗ್ರಾಂ, ಪೊಟ್ಯಾಸಿಯಂ ಬೈಕಾರ್ಬೊನೇಟ್ 100 ಗ್ರಾಂ. ಒಂದು ಮೋಲಿಗೆ ಎರಡೂ ಬಿಡುವ ಅನಿಲ ಒಂದೇ. ಅಂದರೆ ಒಂದೇ ತೂಕದ ಪುಡಿ ತೆಗೆದುಕೊಂಡರೆ ಪೊಟ್ಯಾಸಿಯಂ ಕಡೆಯಿಂದ ಬರುವ ಅನಿಲ ಕಡಿಮೆ. ಆದರೂ ಪೆಟ್ರೋಲಿನಂಥ ದ್ರವದ ಬೆಂಕಿ ಆರಿಸುವುದರಲ್ಲಿ ಅದೇ ಹೆಚ್ಚು ಚುರುಕು. ಜ್ವಾಲೆಯೊಳಗೆ ತಕ್ಷಣ ಕ್ರಿಯೆಗಿಳಿಯುವ ಕಣಗಳಾದ ಹೈಡ್ರೋಜನ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಒಂದು ಕ್ರಿಯೆಯಿಂದ ಇನ್ನೊಂದಕ್ಕೆ ಕಿಡಿ ದಾಟಿಸುತ್ತಿರುತ್ತವೆ. ಪುಡಿ ಅವುಗಳನ್ನು ಹಿಡಿದು ಸರಪಳಿ ತುಂಡರಿಸುತ್ತದೆ. ನನಗೆ ಇಡೀ ಪಾಠದಲ್ಲಿ ಅತಿ ಇಷ್ಟವಾದ ಜಾಗ ಇದು.

ಆದರೆ ಈ ಪುಡಿಗಳಿಗೆ ಕೆಂಡ ಬಗ್ಗುವುದಿಲ್ಲ. ಜ್ವಾಲೆ ಹೋಗುತ್ತದೆ, ಮರದೊಳಗಿನ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ. ಹಲವು ಬಗೆಯ ಬೆಂಕಿಗೆ ಬಳಸುವ ಎಬಿಸಿ ಪುಡಿಯಲ್ಲಿರುವ ಮೋನೋ ಅಮೋನಿಯಂ ಫಾಸ್ಫೇಟ್ ಹಾಗಲ್ಲ. ಅದು ಬಿಸಿಗೆ ಕರಗಿ ಕೆಂಡದ ಮೇಲೆ ಅಂಟು ಪದರವಾಗಿ ಕೂರುತ್ತದೆ.

ಹೊತ್ತಿಕೊಂಡ ಅಡುಗೆ ಎಣ್ಣೆಗೆ ಪೊಟ್ಯಾಸಿಯಂ ಅಸಿಟೇಟ್ ದ್ರಾವಣವನ್ನು ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಅದು ಎಣ್ಣೆಯೊಂದಿಗೆ ಸೇರಿ ಸಾಬೂನಾಗುತ್ತದೆ! ಆ ಸಾಬೂನು ನೊರೆ ಎಣ್ಣೆಯನ್ನು ಮುಚ್ಚುತ್ತದೆ, ನೀರಿನಂಶ ತಣಿಸುತ್ತದೆ.

ಇನ್ನು ಸಾವಯವ ಸಂಯುಕ್ತಗಳು. ಹಿಂದೆ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸುತ್ತಿದ್ದರು. ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತಿತ್ತು. ಆಮೇಲೆ ಹ್ಯಾಲಾನ್ ಬಂತು. ಅದರ ಸಂಖ್ಯೆ ಒಂದು ಗುಟ್ಟಿನ ಹಾಗೆ: ಹ್ಯಾಲಾನ್ 1301 ಅಂದರೆ 1 ಕಾರ್ಬನ್, 3 ಫ್ಲೋರಿನ್, 0 ಕ್ಲೋರಿನ್, 1 ಬ್ರೋಮಿನ್. ಈಗ 1211 ನೀವೇ ಬಿಡಿಸಿ. ಸರಪಳಿ ಕಡಿಯುವುದು ಮುಖ್ಯವಾಗಿ ಬ್ರೋಮಿನ್. ಅದೇ ಬ್ರೋಮಿನ್ ಮೇಲೆ ಹೋಗಿ ಓಝೋನ್ ಪದರವನ್ನೂ ಕಡಿಯುತ್ತದೆ. ಹಾಗಾಗಿ 1987ರ ಮಾಂಟ್ರಿಯಲ್ ಒಪ್ಪಂದ ಹ್ಯಾಲಾನ್‌ಗೆ ಕಡಿವಾಣ ಹಾಕಿತು.

ನೊರೆ ಉರಿಯುವ ದ್ರವದ ಮೇಲೆ ಹೊದಿಕೆ ಹಾಸುತ್ತದೆ. ಹಳೆಯ ಪ್ರೋಟೀನ್ ನೊರೆಯನ್ನು ಪ್ರಾಣಿಗಳ ಗೊರಸು, ಕೊಂಬಿನಿಂದಲೂ ಮಾಡುತ್ತಿದ್ದರು. ಆಮೇಲಿನ ಫ್ಲೋರಿನ್ ನೊರೆ ಪೆಟ್ರೋಲಿನ ಮೇಲೆ ತೆಳು ಪೊರೆಯಾಗಿ ಸರಸರನೆ ಹರಡುತ್ತದೆ. ಆದರೆ ಅದರ ಫ್ಲೋರಿನ್ ಸಂಯುಕ್ತಗಳು ಮಣ್ಣಲ್ಲಿ, ನೀರಲ್ಲಿ ಒಡೆದು ಕಾಣೆಯಾಗುವಂಥವಲ್ಲ, ವರ್ಷಗಟ್ಟಲೆ ಉಳಿಯುತ್ತವೆ. ಅವುಗಳಲ್ಲೊಂದಾದ ಪಿಎಫ್‌ಒಎಸ್ 2009ರಲ್ಲಿ, ಸುಲಭವಾಗಿ ಅಳಿಯದ ಮಾಲಿನ್ಯಕಾರಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಆಲ್ಕೋಹಾಲ್ ಬೆಂಕಿಗೆ ಮಾಮೂಲಿ ನೊರೆ ನಡೆಯುವುದಿಲ್ಲ, ಆಲ್ಕೋಹಾಲ್ ನೊರೆಯ ನೀರನ್ನೇ ಎಳೆದುಕೊಂಡು ಅದನ್ನು ಒಡೆದುಬಿಡುತ್ತದೆ.

ಮೆಗ್ನೀಸಿಯಂ ಹೊತ್ತಿಕೊಂಡರೆ ಮೇಲಿನ ಯಾವುದನ್ನೂ ನಂಬಬೇಡಿ. ನೀರಿನಿಂದ ಅದು ಹೈಡ್ರೋಜನ್ ಹೊರಡಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಒಳಗೂ ಬೆಳ್ಳಗೆ ಉರಿದು ಕಪ್ಪು ಇಂಗಾಲ ಉಳಿಸುತ್ತದೆ. ಅದಕ್ಕೆ ಲೋಹದ ಬೆಂಕಿಗೆಂದೇ ಮಾಡಿದ ಒಣ ಸೋಡಿಯಂ ಕ್ಲೋರೈಡ್ ಪುಡಿ ಬೇಕು: ಬಿಸಿಗೆ ಗಟ್ಟಿ ಹೊಪ್ಪಳೆಯಾಗಿ ಲೋಹವನ್ನು ಗಾಳಿಯಿಂದ ಮುಚ್ಚುತ್ತದೆ.